ಡಬ್ಬದ ಮೇಲಿನ ಇನ್ನೂರು ಆಂಪ್

ದೆಹಲಿಯ ಅಜ್ಮೇರಿ ಗೇಟಿನಿಂದ ಲಾಹೋರಿ ಗೇಟಿನ ಕಡೆಗೆ ಹೋಗುವ ರಸ್ತೆಯ ಈಗಿನ ಹೆಸರು ಸ್ವಾಮಿ ಶ್ರದ್ಧಾನಂದ ಮಾರ್ಗ. ಊರವರ ಬಾಯಲ್ಲಿ ಅದು ಇಂದಿಗೂ ಜಿ.ಬಿ. ರೋಡ್. ಮನೆಯಲ್ಲಿ ಆ ಹೆಸರು ಎತ್ತಲು ಹಿಂಜರಿಯುವವರಿಗೂ ಒಂದು ಸಂಗತಿ ಗೊತ್ತು: ಅಲ್ಲಿನ ಕೆಳ ಅಂತಸ್ತೆಲ್ಲ ಪಂಪು, ಮೋಟರು, ನಲ್ಲಿ, ಮಷಿನ್ ಟೂಲ್ಸ್ ಮಾರುವ ಅಂಗಡಿಗಳದ್ದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಓಡಾಡಿದವರಿಗೆ ಆ ಗದ್ದಲ ಹೊಸದೇನಲ್ಲ. ಇಂಥ ಬಜಾರಿಗೆ ಹೋಗಿ, ಮನೆಯಲ್ಲೇ ಹಳೆಯ ಕಾರು ಸ್ಕೂಟರುಗಳ ಸಣ್ಣಪುಟ್ಟ ರಿಪೇರಿ ಮಾಡಿಕೊಳ್ಳಲು ವೆಲ್ಡಿಂಗ್ ಮಷಿನ್ ಬೇಕು ಎಂದರೆ ಬರುವ ಮೊದಲ ಪ್ರಶ್ನೆ ‘ಕಿತ್ನೇ ಆಂಪ್ ಕಾ?’ ಎಷ್ಟು ಆಂಪಿನದು? ಗಿರಾಕಿ ತಡವರಿಸಿದರೆ ಉತ್ತರವೂ ಅಂಗಡಿಯಿಂದಲೇ ಬರುತ್ತದೆ: ಇನ್ನೂರರದ್ದು ತೊಗೊಳ್ಳಿ, ಮುಂದೆ ಚಿಂತೆಯೇ ಇರುವುದಿಲ್ಲ.

ಬಜಾರಿನ ಧೂಳು ಬೇಡವೆಂದು ಮೊಬೈಲಿನಲ್ಲೇ ಹುಡುಕುವವರಿಗೂ ಸಿಗುವುದು ಇದೇ ಮಾತು. ಅಲ್ಲಿ ಕೇಳುವವರಿಲ್ಲ, ಹೇಳುವವರಷ್ಟೇ. ಐದಾರು ಸಾವಿರ ರೂಪಾಯಿಗೆ ಇನ್ನೂರು ಆಂಪ್, ಇನ್ನೊಂದು ಸಾವಿರ ಸೇರಿಸಿದರೆ ಇನ್ನೂರೈವತ್ತು. ಪಕ್ಕದಲ್ಲಿ ಹೆಲ್ಮೆಟ್ಟಿನೊಳಗೆ ಮುಖ ಮುಚ್ಚಿಕೊಂಡ ವಿದೇಶಿಯೊಬ್ಬನ ಚಿತ್ರ, ಸುತ್ತ ದೀಪಾವಳಿಯಂಥ ಕಿಡಿಗಳು. ಕಾರಿನ ನೆಲದ ತುಕ್ಕು ಹಿಡಿದ ತಗಡಿಗೆ ಒಂದು ತೇಪೆ ಹಾಕಬೇಕೆಂದು ಹೊರಟ ಮನುಷ್ಯ ಸೇತುವೆ ಕಟ್ಟುವ ಮಷಿನ್ ಆರ್ಡರ್ ಮಾಡಿ ಮಲಗುತ್ತಾನೆ.

ಈ ವ್ಯಾಪಾರದ ಬುಡದಲ್ಲಿರುವುದು ಒಂದು ತಪ್ಪು ಪ್ರಶ್ನೆ. ಕಾರಿನ ಮೈ ರಿಪೇರಿ ಮಾಡುವವರಿಗೆ ಮಷಿನ್ ಎಷ್ಟು ಮೇಲಕ್ಕೆ ಹೋಗುತ್ತದೆ ಎಂಬುದರಿಂದ ಆಗಬೇಕಾದ್ದು ಏನೂ ಇಲ್ಲ. ಎಷ್ಟು ಕೆಳಕ್ಕೆ ಇಳಿದು ಅಲ್ಲಿ ಸ್ಥಿರವಾಗಿ ನಿಲ್ಲುತ್ತದೆ ಎಂಬುದೊಂದೇ ಮುಖ್ಯ. ಆ ಅಂಕಿ ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಎಲ್ಲಿಯೂ ಇರುವುದಿಲ್ಲ.

ಕಾರಿನ ತಗಡು ಎಂದರೇನು ಎಂದು ಮೊದಲು ನೋಡಬೇಕು. ಇಂದು ರಸ್ತೆಯಲ್ಲಿರುವ ಸಾಮಾನ್ಯ ಕಾರುಗಳ ಬಾಗಿಲು, ಫೆಂಡರ್, ನೆಲ, ಡಿಕ್ಕಿಯ ತಗಡಿನ ದಪ್ಪ ಹೆಚ್ಚುಕಡಿಮೆ 0.7ರಿಂದ 0.9 ಮಿಲಿಮೀಟರ್. ಬಜಾರಿನ ಭಾಷೆಯಲ್ಲಿ ಇಪ್ಪತ್ತು, ಇಪ್ಪತ್ತೆರಡು ಗೇಜ್. ತುಕ್ಕು ತಿಂದ ಜಾಗದ ಸುತ್ತ ಅದು ಅರ್ಧವೂ ಉಳಿದಿರುವುದಿಲ್ಲ. ಅಂಬಾಸಡರ್ ಕಾಲದ ದಪ್ಪ ತಗಡಿನ ನೆನಪಿನಲ್ಲಿ ಮಾತಾಡುವ ಹಿರಿಯ ಮೆಕ್ಯಾನಿಕ್‌ಗಳು ಗ್ಯಾಸ್ ವೆಲ್ಡಿಂಗಿನಲ್ಲಿ ಅದನ್ನು ಕೆಂಪಗೆ ಕಾಯಿಸಿ, ಬಡಿದು, ಸೀಸ ತುಂಬಿ ಸರಿಮಾಡಿದವರು. 1983ರ ಡಿಸೆಂಬರಿನಲ್ಲಿ ಇದೇ ಎನ್‌ಸಿಆರ್‌ನ ಗುರುಗ್ರಾಮದಿಂದ, ಆಗಿನ ಗುಡಗಾಂವ್‌ನಿಂದ, ಮಾರುತಿ 800 ಹೊರಬಂದ ಮೇಲೆ ಆ ಲೆಕ್ಕವೆಲ್ಲ ಬದಲಾಯಿತು. ಹಗುರ ಕಾರು, ತೆಳು ತಗಡು, ಕಾರ್ಖಾನೆಯಲ್ಲಿ ಸಾಲುಸಾಲಾಗಿ ಚುಕ್ಕಿ ಬೆಸುಗೆ. ಸ್ಪಾಟ್ ವೆಲ್ಡಿಂಗ್ ಎಂಬ ಆ ಕೆಲಸದಲ್ಲಿ ರಾಡ್ ಇಲ್ಲ, ತಂತಿಯೂ ಇಲ್ಲ. ಎರಡು ತಗಡನ್ನು ತಾಮ್ರದ ಇಕ್ಕಳದಲ್ಲಿ ಒತ್ತಿಹಿಡಿದು ಕ್ಷಣಮಾತ್ರ ಕರೆಂಟ್ ಹಾಯಿಸುವುದು. ಅಂದರೆ ಆ ತಗಡು ಹುಟ್ಟುವಾಗ ವೆಲ್ಡಿಂಗ್ ರಾಡಿನ ಮುಖವನ್ನೇ ನೋಡಿರಲಿಲ್ಲ. ಇಪ್ಪತ್ತು ವರ್ಷದ ಮೇಲೆ ಅದಕ್ಕೆ ರಾಡ್ ತೋರಿಸಿದರೆ ಏನಾಗುತ್ತದೆ ಎಂದು ತಿಳಿಯಲು ದೊಡ್ಡ ಪ್ರಯೋಗ ಬೇಕಿಲ್ಲ. ಒಂದು ರೂಪಾಯಿಯಷ್ಟಿದ್ದ ತೂತು ಅಂಗೈಯಗಲ ಆಗುತ್ತದೆ.

ಲೆಕ್ಕ ಹಾಕಿದರೆ ಇದು ಇನ್ನೂ ಸ್ಪಷ್ಟ. ಮಿಗ್ ಮಷಿನ್, ಅಂದರೆ ಟಾರ್ಚಿನ ತುದಿಯಿಂದ ತಂತಿ ತಾನಾಗಿ ಹೊರಬರುತ್ತ, ಸುತ್ತ ಗ್ಯಾಸ್ ಬೀಸುತ್ತ ಬೆಸೆಯುವ ಮಷಿನ್, ಇಂಥ ತಗಡಿಗೆ ಕೇಳುವುದು 40–50 ಆಂಪ್. 50 ಆಂಪಿಗೆ ಲೆಕ್ಕದ ವೋಲ್ಟೇಜ್ 16.5. ಗುಣಿಸಿದರೆ 825 ವಾಟ್. ಮಷಿನ್ನಿನೊಳಗೆ ಕಳೆದುಹೋಗುವುದನ್ನು ಸೇರಿಸಿದರೂ ಗೋಡೆಯ ಪ್ಲಗ್ಗಿನಿಂದ ಎಳೆಯುವುದು ಸಾವಿರದ ನೂರು ವಾಟ್ ಆಸುಪಾಸು. ದೆಹಲಿಯ ಜನವರಿಯಲ್ಲಿ ಪ್ರತಿ ಮನೆಯಲ್ಲೂ ಬೆಳಿಗ್ಗೆ ಓಡುವ ಗೀಸರಿನದು ಎರಡು ಸಾವಿರ ವಾಟ್. ಕಾರಿನ ನೆಲಕ್ಕೆ ತೇಪೆ ಹಾಕಲು ಸ್ನಾನದ ನೀರು ಕಾಯಿಸುವುದರ ಅರ್ಧದಷ್ಟು ವಿದ್ಯುತ್ತು ಸಾಕು. ಇನ್ನೂರು ಆಂಪಿನ ಮಾತು ಇಲ್ಲಿ ಎಲ್ಲಿಂದ ಬಂತು?

ಬಂದದ್ದು ಮಾರುಕಟ್ಟೆಯಿಂದ. ಅದೂ ನಿಜವಾದ ಇನ್ನೂರಲ್ಲ. ರಾಡ್ ವೆಲ್ಡಿಂಗಿನಲ್ಲಿ 200 ಆಂಪಿಗೆ ನಿಗದಿಯಾದ ವೋಲ್ಟೇಜ್ 28. ಗುಣಿಸಿದರೆ 5,600 ವಾಟ್ ರಾಡಿನ ತುದಿಯಲ್ಲಿ. ಮಷಿನ್ ನೂರಕ್ಕೆ ಎಂಬತ್ತು ಭಾಗ ದಕ್ಷವಾಗಿದೆ ಎಂದು ಉದಾರವಾಗಿ ಒಪ್ಪಿದರೂ ಗೋಡೆಯಿಂದ 7,000 ವಾಟ್ ಬರಬೇಕು. 230 ವೋಲ್ಟಿನಲ್ಲಿ ಅದು 30 ಆಂಪ್. ಅಗ್ಗದ ಇನ್ವರ್ಟರ್ ಮಷಿನ್‌ಗಳ ಪವರ್ ಫ್ಯಾಕ್ಟರ್ 0.7ರ ಹತ್ತಿರ ಇರುವುದು ಸಾಮಾನ್ಯ. ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ 43. ಮನೆಯ ದೊಡ್ಡ ಪ್ಲಗ್, ಅಂದರೆ ಏಸಿ ಗೀಸರುಗಳ ಮೂರು ಕಡ್ಡಿಯ ಪ್ಲಗ್, ತಾಳುವುದು 16. ಆ ಪ್ಲಗ್ಗಿಗೇ ಚುಚ್ಚಿ ಇನ್ನೂರು ಆಂಪ್ ಸುಡಬಹುದು ಎಂದು ಜಾಹೀರಾತು ಹೇಳಿದರೆ ಅದು ಕಾಲು ಇಂಚಿನ ನಲ್ಲಿಯಲ್ಲಿ ಕೆಆರ್‌ಎಸ್ ಅಣೆಕಟ್ಟು ಖಾಲಿ ಮಾಡುತ್ತೇನೆ ಎಂದಂತೆ.

‘ಆದರೂ ಓಡುತ್ತಲ್ಲ’ ಎಂಬ ಉತ್ತರ ಸಿದ್ಧವಾಗಿದೆ. ಓಡುತ್ತದೆ, ನಿಜ. ಏಕೆಂದರೆ ಬಹಳಷ್ಟು ಇಂಥ ಮಷಿನ್‌ಗಳು ಡಯಲ್ಲನ್ನು ಕೊನೆಗೆ ತಿರುಗಿಸಿದರೂ ಇನ್ನೂರರ ಹತ್ತಿರ ಸುಳಿಯುವುದಿಲ್ಲ. ಹೆಸರಿನಲ್ಲೇ ಇರುತ್ತದೆ ಕೈಚಳಕ. ಮಾಡೆಲ್ಲಿನ ಹೆಸರು ‘ಆರ್ಕ್ 200’, ‘ಎಂಎಂಎ 250’ ಎಂದಿರುತ್ತದೆ. ಹೆಸರಿನಲ್ಲಿರುವ ಅಂಕಿ ಸಾಮರ್ಥ್ಯವೆಂದು ಮಾರುವವರು ಎಲ್ಲಿಯೂ ಬರೆದುಕೊಟ್ಟಿರುವುದಿಲ್ಲ. ಕೊಳ್ಳುವವರು ಹಾಗೆ ಓದಿಕೊಂಡರೆ ಅದು ಅವರ ಪಾಡು. ಮಗುವಿಗೆ ಭೀಮ ಎಂದು ಹೆಸರಿಟ್ಟರೆ ಗದೆ ಎತ್ತಲೇಬೇಕೆಂದೇನಿಲ್ಲವಲ್ಲ.

ಈ ಕೈಚಳಕಕ್ಕೆ ಮದ್ದು ಇಲ್ಲದೆ ಇಲ್ಲ, ಅದು ಮಷಿನ್ನಿನ ಬೆನ್ನಿಗೇ ಅಂಟಿರುತ್ತದೆ. ಐಇಸಿ 60974-1 ಎಂಬ ಅಂತಾರಾಷ್ಟ್ರೀಯ ಮಾನದಂಡವು ಪ್ರತಿ ವೆಲ್ಡಿಂಗ್ ಮಷಿನ್ ಮೇಲೆ ಇರಬೇಕಾದ ರೇಟಿಂಗ್ ಪ್ಲೇಟ್ ಹೇಗಿರಬೇಕೆಂದು ಹೇಳುತ್ತದೆ. ನಾಲ್ಕಾರು ಚಿಹ್ನೆಗಳ ಒಂದು ಸಣ್ಣ ಕೋಷ್ಟಕ. ‘ಐ2’ ಎಂದರೆ ಬೆಸುಗೆಯ ಕರೆಂಟ್. ‘ಎಕ್ಸ್’ ಎಂದರೆ ಡ್ಯೂಟಿ ಸೈಕಲ್, ಹತ್ತು ನಿಮಿಷದಲ್ಲಿ ಎಷ್ಟು ಪಾಲು ಸುಡಬಹುದು ಎಂಬುದು. 60% ಎಂದಿದ್ದರೆ ಆರು ನಿಮಿಷ ಕೆಲಸ, ನಾಲ್ಕು ನಿಮಿಷ ವಿರಾಮ. ‘ಐ1ಮ್ಯಾಕ್ಸ್’ ಎಂದರೆ ಗೋಡೆಯಿಂದ ಎಳೆಯುವ ಗರಿಷ್ಠ ಕರೆಂಟ್. ‘ಐ1ಎಫ್’ ಎಂದರೆ ವಿರಾಮವನ್ನೂ ಸೇರಿಸಿ ಸರಾಸರಿ ತೆಗೆದ ಕರೆಂಟ್, ವೈರು ಮತ್ತು ಎಂಸಿಬಿ ಯಾವುದಿರಬೇಕೆಂದು ತೀರ್ಮಾನಿಸುವುದು ಇದೇ. ಇದು 16ರೊಳಗಿದ್ದರೆ ಮನೆಯ ದೊಡ್ಡ ಪ್ಲಗ್ಗಿನಲ್ಲಿ ಮಷಿನ್ ಓಡಬಹುದು, ಮೇಲಿದ್ದರೆ ಬೇಡ. ಮೇಲೆ ಲೆಕ್ಕ ಹಾಕಿದ 43 ಆಂಪಿನ ಮಷಿನ್ 20% ಡ್ಯೂಟಿ ಸೈಕಲ್ಲಿನದೇ ಆಗಿದ್ದರೂ ಈ ಅಂಕಿ 19 ದಾಟುತ್ತದೆ. ಪ್ಲೇಟಿನಲ್ಲಿ 200 ಆಂಪ್ ಬರೆದು, ಐ1ಎಫ್ ಹನ್ನೆರಡು ಎಂದು ಬರೆದು, ಡ್ಯೂಟಿ ಸೈಕಲ್ 60% ಎಂದೂ ಬರೆದಿದ್ದರೆ ಮೂರರಲ್ಲಿ ಒಂದಾದರೂ ಸುಳ್ಳು. ಪ್ಲೇಟೇ ಇಲ್ಲದಿದ್ದರೆ ಆ ಮಷಿನ್ ಕೆಳಗಿಟ್ಟು ಮುಂದೆ ಹೋಗುವುದೇ ಸರಿ.

ಇನ್ನೊಂದು ವಿಷಯ ದೆಹಲಿಯವರು ಬಿಡಿಸಿ ಕೇಳಬೇಕು. ಡ್ಯೂಟಿ ಸೈಕಲ್ ಅಳೆಯಬೇಕಾದದ್ದು ಸುತ್ತಲಿನ ಗಾಳಿ 40 ಡಿಗ್ರಿ ಇರುವಾಗ ಎಂದು ಮೇಲಿನ ಮಾನದಂಡ ಹೇಳುತ್ತದೆ. ಕೆಲವು ತಯಾರಕರು 20, 25 ಡಿಗ್ರಿಯಲ್ಲಿ ಅಳೆದು ಆ ಸುಂದರ ಅಂಕಿಯನ್ನು ಮುದ್ರಿಸುತ್ತಾರೆ. ಮೇ ತಿಂಗಳ ನೊಯಿಡಾದಲ್ಲಿ 45 ಡಿಗ್ರಿ ದಾಟಿದ ಮಧ್ಯಾಹ್ನ, ಆ ಅಂಕಿಗೂ ಎದುರಿಗಿರುವ ಮಷಿನ್ನಿಗೂ ಸಂಬಂಧವೇ ಇರುವುದಿಲ್ಲ. ತೆಳು ತಗಡಿನ ಕೆಲಸಕ್ಕೆ ಇದರಿಂದ ದೊಡ್ಡ ತೊಂದರೆ ಆಗದು. ಅಲ್ಲಿ ಒಂದು ಸೆಕೆಂಡ್ ಸುಟ್ಟು ಐದು ಸೆಕೆಂಡ್ ಸುಮ್ಮನಿರುವುದೇ ರೀತಿ. ಆದರೆ ಯಾವ ಉಷ್ಣತೆಯಲ್ಲಿ ಅಳೆದದ್ದು ಎಂಬ ಪ್ರಶ್ನೆಗೆ ನೇರ ಉತ್ತರ ಕೊಡುವ ಮಾರಾಟಗಾರ ಉಳಿದ ವಿಷಯಗಳಲ್ಲೂ ಸುಳ್ಳು ಹೇಳುವ ಸಾಧ್ಯತೆ ಕಡಿಮೆ.

ಇನ್ನು ಬಜಾರಿನ ಆಚೆಗೂ ಹಬ್ಬಿರುವ ಒಂದು ಸಲಹೆ: ‘ಮೊದಲು ಅಗ್ಗದ ರಾಡ್ ಮಷಿನ್ ಕೊಳ್ಳಿ, ಅದರಲ್ಲಿ ಕೈ ಕುದುರಿದ ಮೇಲೆ ಮಿಗ್ ಕೊಳ್ಳಿ.’ ಒಳ್ಳೆಯ ಉದ್ದೇಶದಿಂದಲೇ ಕೊಡುವ ಸಲಹೆ ಇದು, ಹಲವು ಅನುಭವಸ್ಥರೂ ಕೊಡುತ್ತಾರೆ. ಇದರ ಹಿಂದೆ ಒಂದು ನಿಜವೂ ಇದೆ. ರಾಡ್ ಮಷಿನ್ನಿಗೆ ಸಿಲಿಂಡರ್ ಬೇಡ, ರೆಗ್ಯುಲೇಟರ್ ಬೇಡ. ಗಾಳಿ ಬೀಸುವ ತಾರಸಿಯ ಮೇಲೂ ನಡೆಯುತ್ತದೆ. ಗೇಟು, ಕಿಟಕಿಯ ಗ್ರಿಲ್, ನೀರಿನ ಟ್ಯಾಂಕಿನ ಸ್ಟ್ಯಾಂಡ್, ಟ್ರಾಲಿಯ ಚೌಕಟ್ಟು ಇವಕ್ಕೆಲ್ಲ ಅದೇ ಸರಿ. ಸ್ಕೂಟರಿನ ಸೆಂಟರ್ ಸ್ಟ್ಯಾಂಡು ಮುರಿದಿದ್ದರೆ, ಅದು ಎರಡು ಮೂರು ಮಿಲಿಮೀಟರ್ ದಪ್ಪದ ಕಬ್ಬಿಣವಾದ್ದರಿಂದ, ಅಭ್ಯಾಸವಾದ ಕೈಯಲ್ಲಿ ರಾಡೂ ಸಾಕು. ಮನೆಯ ಮುಖ್ಯ ಕೆಲಸ ಇಂಥದ್ದೇ ಆಗಿರುವವರು ರಾಡ್ ಮಷಿನ್ ಕೊಳ್ಳಲಿ.

ಕಾರಿನ ತಗಡಿಗೆ ಕೈ ಹಾಕುವವರಿಗೆ ಮಾತ್ರ ಈ ಸಲಹೆ ಪೂರ್ತಿ ತಲೆಕೆಳಗು. ಎರಡೂವರೆ ಮಿಲಿಮೀಟರಿನ ಸಾಮಾನ್ಯ 6013 ರಾಡು ಸರಿಯಾಗಿ ಉರಿಯಲು 60ರಿಂದ 90 ಆಂಪ್ ಬೇಕು. ಅದಕ್ಕಿಂತ ಇಳಿಸಿದರೆ ಅಂಟಿಕೊಳ್ಳುತ್ತದೆ, ಅಷ್ಟಕ್ಕೆ ಇಟ್ಟರೆ ತಗಡು ಕರಗಿ ಬೀಳುತ್ತದೆ. ಎರಡು ಮಿಲಿಮೀಟರಿನ ರಾಡ್ ಹಿಡಿದರೆ ಇಕ್ಕಟ್ಟು ತುಸು ಕಡಿಮೆಯಾಗುತ್ತದೆ, ಹೋಗುವುದಿಲ್ಲ. ಆಂಪಿನದಷ್ಟೇ ಅಲ್ಲ, ತೊಡಕಿನ ಮೂಲ ಬೇರೆಯೇ ಇದೆ. ತೆಳು ತಗಡನ್ನು ಬೆಸೆಯುವುದೆಂದರೆ ಶಾಖವನ್ನು ಕಾಲದಲ್ಲಿ ಹಂಚುವುದು: ಒಂದು ಚುಕ್ಕಿ ಇಟ್ಟು ಬಿಟ್ಟು, ಆ ಕಡೆ ಇನ್ನೊಂದು ಚುಕ್ಕಿ ಇಟ್ಟು, ಮೊದಲನೆಯದು ಆರುವವರೆಗೆ ಕಾದು, ಮತ್ತೆ ಅದರ ಪಕ್ಕಕ್ಕೆ ಬರುವುದು. ಮಿಗ್‌ನಲ್ಲಿ ಬೆರಳು ಒತ್ತಿದರೆ ಉರಿ, ಬಿಟ್ಟರೆ ಇಲ್ಲ. ರಾಡಿನಲ್ಲಿ ಪ್ರತಿ ಚುಕ್ಕಿಗೂ ಮತ್ತೆ ಗೀಚಿ ಹೊತ್ತಿಸಬೇಕು, ಪ್ರತಿ ಚುಕ್ಕಿಯ ಮೇಲೂ ಕೂರುವ ಗಸಿಯನ್ನು ಕೆತ್ತಿ ತೆಗೆಯಬೇಕು. ಹೊತ್ತಿಸುವಾಗಿನ ಆ ತಡಕಾಟದಲ್ಲೇ ತೂತು ಬೀಳುವುದು. ಹೊಸಬರು ಇಲ್ಲಿ ಕಲಿಯುವುದು ವೆಲ್ಡಿಂಗ್ ಅಲ್ಲ, ತಮ್ಮ ಕೈಯಲ್ಲಿ ಇದು ಆಗದ ಕೆಲಸ ಎಂಬ ತೀರ್ಮಾನ. ಆರು ತಿಂಗಳಾದ ಮೇಲೆ ಆ ಮಷಿನ್ ಮಂಚದ ಕೆಳಗೆ, ಕಾರು ಮತ್ತೆ ಬೀದಿಬದಿಯ ಡೆಂಟರ್ ಹತ್ತಿರ. ಐದು ಸಾವಿರ ಉಳಿಸಿದೆವೆಂದುಕೊಂಡ ಮನೆಯಲ್ಲಿ ಐದು ಸಾವಿರ ಹೋಗಿರುತ್ತದೆ.

ರಾಡ್ ಬೇಡವೆಂದವರನ್ನು ಹಿಡಿಯಲು ಇನ್ನೊಂದು ಬಲೆ ಇದೆ: ‘ಗ್ಯಾಸಿಲ್ಲದ ಮಿಗ್’. ತಂತಿಯ ಹೊಟ್ಟೆಯೊಳಗೇ ಮದ್ದು ತುಂಬಿರುತ್ತದೆ, ಅದು ಉರಿದು ತಾನೇ ಹೊಗೆಯ ಹೊದಿಕೆ ಹುಟ್ಟಿಸುತ್ತದೆ, ಸಿಲಿಂಡರಿನ ತಂಟೆಯಿಲ್ಲ. ಇದು ಮೋಸವಲ್ಲ, ನಿಜವಾದ ತಂತ್ರ. ಗಾಳಿಯಲ್ಲಿ ದಪ್ಪ ಕಬ್ಬಿಣ ಬೆಸೆಯಲು ಹುಟ್ಟಿದ್ದು. 0.7 ಮಿಲಿಮೀಟರಿನ ತಗಡಿನ ಮೇಲೆ ಅದರ ಉರಿ ಹೆಚ್ಚು, ಕಿಡಿ ಹೆಚ್ಚು, ಗಸಿಯೂ ಇದೆ. ಗ್ಯಾಸಿಲ್ಲದ ಮಷಿನ್ ಕೊಂಡವರಿಗೆ ಮುಂದೆ ಗ್ಯಾಸ್ ಜೋಡಿಸೋಣ ಎಂದಾಗ ಅದರಲ್ಲಿ ವಾಲ್ವೇ ಇಲ್ಲವೆಂದು ತಿಳಿಯುತ್ತದೆ. ಕೆಲವದರಲ್ಲಿ ಧ್ರುವ ಬದಲಿಸುವ ಏರ್ಪಾಡೂ ಇಲ್ಲ. ಗ್ಯಾಸಿನ ತಂತಿಗೆ ಟಾರ್ಚು ಪಾಸಿಟಿವ್ ಆಗಿರಬೇಕು, ಮದ್ದಿನ ತಂತಿಗೆ ಸಾಮಾನ್ಯವಾಗಿ ನೆಗೆಟಿವ್. ಟಿಗ್ ವಿಷಯ ಇಲ್ಲಿ ಎರಡು ಮಾತಿನಲ್ಲಿ ಮುಗಿಯುತ್ತದೆ: ಅದು ಸುಂದರ, ಅದು ಶುಭ್ರ ಲೋಹ ಕೇಳುತ್ತದೆ, ಹಳೆಯ ಕಾರಿನಲ್ಲಿ ಶುಭ್ರ ಲೋಹ ಇರುವುದಿಲ್ಲ.

ಹಾಗಾದರೆ ಕೊಳ್ಳಬೇಕಾದದ್ದು ಯಾವುದು? ಗ್ಯಾಸ್ ಜೋಡಣೆ ಇರುವ, ಸಿಂಗಲ್ ಫೇಸಿನ ಸಣ್ಣ ಮಿಗ್. ದೆಹಲಿಯ ಗ್ಯಾರೇಜುಗಳಲ್ಲಿ ‘ಸಿಓಟು’ ಎಂದು ಕೇಳಿದರೆ ಅರ್ಥವಾಗುತ್ತದೆ. 30 ಆಂಪಿನವರೆಗೆ ಇಳಿದು ಅಲ್ಲಿ ಪಟಪಟ ಎನ್ನದೆ ಉರಿಯಬೇಕು. ಮೇಲೆ 140, 150 ಇದ್ದರೆ ಮನೆಯ ಎಲ್ಲ ಕೆಲಸಕ್ಕೂ ಧಾರಾಳ. ಒಂದು ಕೆಜಿ ಮತ್ತು ಐದು ಕೆಜಿ ತಂತಿಯ ಸುರುಳಿ ಎರಡೂ ಕೂರಬೇಕು. ಕಾರ್ಖಾನೆಯ ಹದಿನೈದು ಕೆಜಿ ಸುರುಳಿ ಮನೆಯಲ್ಲಿ ಮುಗಿಯುವ ಮೊದಲು ತುಕ್ಕು ಹಿಡಿಯುತ್ತದೆ. ತಂತಿ 0.8 ಮಿಲಿಮೀಟರಿನದು ಸುಲಭವಾಗಿ ಸಿಗುತ್ತದೆ. 0.6 ಸಿಕ್ಕರೆ ತೆಳು ತಗಡಿಗೆ ಅದೇ ಲೇಸು, ಆದರೆ ಅದಕ್ಕೆ ತಕ್ಕ ರೋಲರು, ಟಿಪ್ಪು ಮಷಿನ್ ಜೊತೆಗೇ ಕೇಳಿ ತೆಗೆದುಕೊಳ್ಳಬೇಕು. ಶುದ್ಧ ಕಾರ್ಬನ್ ಡೈಆಕ್ಸೈಡ್ ಅಗ್ಗ, ಆಳಕ್ಕೆ ಇಳಿಯುತ್ತದೆ, ಕಿಡಿ ಜಾಸ್ತಿ. ಆರ್ಗಾನ್ ಬೆರೆಸಿದ ಗ್ಯಾಸ್ ದುಬಾರಿ, ತೆಳು ತಗಡಿನ ಮೇಲೆ ಮೃದು. ಮೊದಲ ವರ್ಷ ಕಾರ್ಬನ್ ಡೈಆಕ್ಸೈಡಿನಲ್ಲೇ ಕಳೆದರೆ ನಷ್ಟವಿಲ್ಲ.

ಇದೆಲ್ಲ ಸೇರಿ ರಾಡ್ ಮಷಿನ್ನಿನ ಮೂರು ನಾಲ್ಕು ಪಟ್ಟು ಖರ್ಚು. ಸಿಲಿಂಡರು, ರೆಗ್ಯುಲೇಟರು, ತಾನಾಗಿ ಕಪ್ಪಾಗುವ ಗಾಜಿನ ಹೆಲ್ಮೆಟ್, ಚರ್ಮದ ಕೈಗವಸು, ಒಂದು ಆ್ಯಂಗಲ್ ಗ್ರೈಂಡರ್ ಬೇರೆ. ಈ ಮೊತ್ತ ನೋಡಿ ಎದೆ ಝಲ್ಲೆಂದರೆ ಅದು ಒಳ್ಳೆಯ ಲಕ್ಷಣ. ವರ್ಷಕ್ಕೊಂದು ತೇಪೆಯ ಕೆಲಸ ಇರುವವರು ಮಷಿನ್ ಕೊಳ್ಳಲೇಬಾರದು, ಯಾವ ಮಷಿನ್ನನ್ನೂ. ಅಗ್ಗದ ಮಷಿನ್ ಮಾಡುವ ದೊಡ್ಡ ಅಪಕಾರವೇ ಇದು: ಕೊಳ್ಳಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳಲು ಅದು ಬಿಡುವುದಿಲ್ಲ.

ಅಂಗಡಿಯಲ್ಲಿ ಮಾಡಬಹುದಾದ ಪರೀಕ್ಷೆಯೊಂದಿದೆ. ಮಾಯಾಪುರಿಯ ಗುಜರಿಯಲ್ಲಿ ಹಳೆಯ ಬಾಗಿಲೊಂದರ ತುಂಡು ಹುಡುಕಿ, ಬಣ್ಣ ಕೆರೆದು, ಎರಡು ಪಟ್ಟಿ ಮಾಡಿಕೊಂಡು ಅಂಗಡಿಗೆ ಒಯ್ಯುವುದು. ಇದನ್ನು ಬೆಸೆದು ತೋರಿಸಿ ಎನ್ನುವುದು. ಅಂಗಡಿಯವರು ಆರು ಮಿಲಿಮೀಟರಿನ ಪಟ್ಟಿಯ ಮೇಲೆ ಫಳಫಳ ಗೆರೆ ಎಳೆದು ತೋರಿಸುತ್ತಾರೆ, ಅದನ್ನು ನೋಡಿ ಬೆರಗಾಗಬಾರದು. ಆ ಗೆರೆಯನ್ನು ಯಾವ ಮಷಿನ್ ಬೇಕಾದರೂ ಎಳೆಯುತ್ತದೆ. ಬೆಸೆದ ಪಟ್ಟಿಗಳನ್ನು ವೈಸಿನಲ್ಲಿ ಹಿಡಿದು ಬಗ್ಗಿಸಿ ಕೀಳಬೇಕು. ಬೆಸುಗೆಯ ಚುಕ್ಕಿ ಸಿಪ್ಪೆಯ ಹಾಗೆ ಎದ್ದುಬಂದರೆ ಅದು ಅಂಟಿತ್ತೇ ಹೊರತು ಬೆಸೆದಿರಲಿಲ್ಲ. ಚುಕ್ಕಿ ಹಾಗೇ ನಿಂತು ಅದರ ಸುತ್ತಲಿನ ತಗಡು ಹರಿದರೆ ಸರಿ. ಮನೆಯಲ್ಲಿ ಕಲಿಯುವಾಗಲೂ ಪರೀಕ್ಷೆ ಇದೇ, ಕಾರಿನ ಮೇಲೆ ಟಾರ್ಚ್ ಇಡುವ ಮೊದಲು ಹತ್ತು ಸಲವಾದರೂ.

ದೆಹಲಿಯಲ್ಲಿ ಈ ಮಾತೆಲ್ಲ ಕೇಳಿ ನಗುವವರು ಇದ್ದಾರೆ, ಅವರ ನಗುವಿಗೆ ಕಾರಣವೂ ಇದೆ. ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ಗಾಡಿಗಳು ಎನ್‌ಸಿಆರ್‌ನಲ್ಲಿ ಓಡಬಾರದು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014 ಮತ್ತು 2015ರ ಆದೇಶಗಳಲ್ಲಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2025ರ ಜುಲೈ 1ರಿಂದ ಅಂಥ ಗಾಡಿಗಳಿಗೆ ದೆಹಲಿಯ ಬಂಕುಗಳಲ್ಲಿ ಇಂಧನವನ್ನೇ ಕೊಡಬಾರದೆಂಬ ನಿಯಮ ಬಂದು, ಗದ್ದಲವೆದ್ದು, ದಿನಗಳಲ್ಲೇ ತಡೆಯಾಯಿತು. ಆಗಸ್ಟ್ 12ರಂದು ಸುಪ್ರೀಂ ಕೋರ್ಟ್ ವಯಸ್ಸೊಂದನ್ನೇ ನೋಡಿ ಬಲವಂತದ ಕ್ರಮ ಬೇಡ ಎಂದಿತು. ಡಿಸೆಂಬರಿನಲ್ಲಿ ಆ ರಕ್ಷಣೆಯನ್ನು ಬಿಎಸ್-4 ಮತ್ತು ಅದರ ಮೇಲಿನ ಗಾಡಿಗಳಿಗೆ ಮಾತ್ರ ಎಂದು ಕಿರಿದುಗೊಳಿಸಿತು. ಗುಜರಿಗೆ ಹೋಗಲಿರುವ ಗಾಡಿಗೆ ಬೆಸುಗೆ ಯಾಕೆ ಎಂಬುದು ನಗುವವರ ಮಾತು.

ಬಿಎಸ್-3ರ ಕಾರಿಗೆ ಮಷಿನ್ ಕೊಳ್ಳುವವರಿಗೆ ಈ ಮಾತು ಅನ್ವಯಿಸುತ್ತದೆ, ಅವರು ದುಡ್ಡು ಉಳಿಸಿಕೊಳ್ಳಲಿ. ಆದರೆ ದೆಹಲಿಗೆ ಬಿಎಸ್-4 ಬಂದದ್ದು 2010ರ ಏಪ್ರಿಲ್‌ನಲ್ಲಿ. ಆ ವರ್ಷ ಕೊಂಡ ಪೆಟ್ರೋಲ್ ಕಾರುಗಳಿಗೆ ಈಗಷ್ಟೇ ಹದಿನೈದು ತುಂಬಿದೆ. ಮೂರು ವರ್ಷದ ಹಿಂದೆ ಕೈಬಿಟ್ಟಿದ್ದ ಕಾರುಗಳನ್ನು ಮಾಲೀಕರು ಮತ್ತೆ ನೋಡುತ್ತಿರುವುದು ಇದೇ ಕಾರಣಕ್ಕೆ. ಈ ಕಾರುಗಳ ತುಕ್ಕು ಕಾರವಾರ, ಮಂಗಳೂರಿನ ಉಪ್ಪುಗಾಳಿಯ ತುಕ್ಕಲ್ಲ. ದೆಹಲಿಯ ಒಣ ಹವೆಯಲ್ಲಿ ಮೈಯೆಲ್ಲ ಹರಡುವುದು ಕಡಿಮೆ. ಜುಲೈ ಮಳೆಯಲ್ಲಿ ಅಂಡರ್‌ಪಾಸಿನ ನೀರಲ್ಲಿ ನಿಂತು ಕಾರ್ಪೆಟ್ ಕೆಳಗೆ ಒದ್ದೆಯಾದದ್ದು, ಬ್ಯಾಟರಿಯ ಆಸಿಡ್ ಸೋರಿ ಟ್ರೇ ತಿಂದದ್ದು, ಬಾಗಿಲಿನ ಅಡಿಯ ನೀರುಗಿಂಡಿ ಮುಚ್ಚಿಹೋದದ್ದು. ಒಂದೊಂದೇ ಜಾಗ, ಒಂದೊಂದೇ ತೇಪೆ. ಅಂದರೆ ಹೊಸಬರ ಕೈಗೆ ದಕ್ಕುವ ಕೆಲಸ, ಮಷಿನ್ ಸರಿಯಿದ್ದರೆ. ಕರ್ನಾಟಕದಲ್ಲಿ ಟಿಂಕರಿಂಗ್ ಎನ್ನುವುದಕ್ಕೆ ಇಲ್ಲಿ ಡೆಂಟಿಂಗ್-ಪೇಂಟಿಂಗ್ ಎನ್ನುತ್ತಾರೆ. ಬೀದಿಬದಿಯ ಡೆಂಟರ್ ಕೈಚಳಕದ ಬಗ್ಗೆ ತಕರಾರಿಲ್ಲ, ಮೇಲೆ ಪುಟ್ಟಿ ಮೆತ್ತಿದ ಮೇಲೆ ಕೆಳಗಿನ ಬೆಸುಗೆ ಕಾಣುವುದಿಲ್ಲ ಎಂಬುದೊಂದೇ ತಕರಾರು.

ಮಷಿನ್ ಬಂದ ಮೇಲೆ ಅದನ್ನು ಎಲ್ಲಿ ಇಡುವುದು ಎಂಬುದು ಈ ಊರಿನಲ್ಲಿ ಸಣ್ಣ ಪ್ರಶ್ನೆಯಲ್ಲ. ಬಯಲಿನಲ್ಲಿ ಗಾಳಿ ಬೀಸಿದರೆ ಗ್ಯಾಸ್ ಹಾರಿಹೋಗಿ ಬೆಸುಗೆ ಜಾಲರಿಯಂತಾಗುತ್ತದೆ. ನೆಲಮಾಳಿಗೆಯಲ್ಲಿ ಗಾಳಿಗಿಂತ ಭಾರವಾದ ಅದೇ ಗ್ಯಾಸ್ ಕೆಳಗೆ ತುಂಬಿಕೊಂಡು ಉಸಿರುಗಟ್ಟಿಸುತ್ತದೆ. ಬಿಲ್ಡರ್ ಫ್ಲೋರುಗಳ ಸ್ಟಿಲ್ಟ್ ಪಾರ್ಕಿಂಗ್ ಅನುಕೂಲ ಎನಿಸಬಹುದು, ಆದರೆ ಇಡೀ ಕಟ್ಟಡದ ಕರೆಂಟ್ ಮೀಟರುಗಳು ಸಾಮಾನ್ಯವಾಗಿ ಅಲ್ಲೇ ಇರುತ್ತವೆ, ಪಕ್ಕದಲ್ಲಿ ಯಾರದೋ ಎಲೆಕ್ಟ್ರಿಕ್ ಸ್ಕೂಟರ್, ಮೇಲೆ ಹೋಗಲು ಒಂದೇ ಮೆಟ್ಟಿಲು. ಅಲ್ಲಿ ಕಿಡಿ ಹಾರಿಸುವ ಹಕ್ಕು ಯಾರಿಗೂ ಇಲ್ಲ. ನಾಲ್ಕು ಅಡಿ ಅಂಗಳ, ಎರಡು ಕಡೆ ಗೋಡೆ, ಮೇಲೆ ಆಕಾಶ ಇರುವವರು ಪುಣ್ಯವಂತರು. ಚಳಿಗಾಲದಲ್ಲಿ ವಾಯುಗುಣ ಸೂಚ್ಯಂಕ 400 ದಾಟಿ ಗ್ರ್ಯಾಪ್ ಮೂರನೇ ಹಂತ ಜಾರಿಯಾದಾಗ ನಿಷೇಧದ ಪಟ್ಟಿಯಲ್ಲಿ ನಿರ್ಮಾಣ ಸ್ಥಳಗಳ ದೊಡ್ಡ ವೆಲ್ಡಿಂಗ್, ಗ್ಯಾಸ್ ಕಟಿಂಗ್ ಕೆಲಸಗಳೂ ಇರುತ್ತವೆ. ಅಂಗೈಯಗಲದ ತೇಪೆ ಆ ಪಟ್ಟಿಯ ಗುರಿಯಲ್ಲ. ನಿವಾಸಿಗಳ ಸಂಘದ ಕಾರ್ಯದರ್ಶಿಗೆ ಇದನ್ನು ವಿವರಿಸುವ ಹೊಣೆ ಮಷಿನ್ ಕೊಂಡವರದು.

ಯಾವ ಮಷಿನ್ ಇದ್ದರೂ ಮನೆಯಲ್ಲಿ ಮುಟ್ಟಬಾರದ ಜಾಗಗಳಿವೆ. ಪೆಟ್ರೋಲ್ ಟ್ಯಾಂಕು, ಖಾಲಿಯಾದದ್ದಂತೂ ಇನ್ನೂ ಅಪಾಯ. ಸ್ಟಿಯರಿಂಗ್ ಮತ್ತು ಸಸ್ಪೆನ್ಷನ್ ಭಾಗಗಳು, ಸೀಟ್ ಬೆಲ್ಟ್ ಕಚ್ಚಿಕೊಂಡ ಜಾಗ. ಹೊಸ ಕಾರುಗಳ ಬಾಗಿಲ ನಡುವಿನ ಕಂಬದಲ್ಲಿ ಗಡಸು ಉಕ್ಕು ಇರುತ್ತದೆ, ಅದನ್ನು ಮನೆಯ ಮಿಗ್‌ನಲ್ಲಿ ಕಾಯಿಸಿದರೆ ಗಡಸುತನ ಹೋಗುತ್ತದೆ. ಬ್ರೇಕ್ ತೊಳೆಯುವ ಕ್ಲೋರಿನ್ ಬೆರೆತ ಸ್ಪ್ರೇ ಹೊಡೆದ ಜಾಗದಲ್ಲಿ ಬೆಸುಗೆ ಹಾಕಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು. ತಗಡಿನ ಆ ಬದಿಯಲ್ಲಿ ಕಾರ್ಪೆಟ್, ಸದ್ದು ತಡೆಯುವ ಡಾಂಬರಿನ ಹಾಳೆ ಇದ್ದೇ ಇರುತ್ತದೆ. ಕೆಲಸ ಮುಗಿದ ಮೇಲೆ ಅರ್ಧ ಗಂಟೆಯಾದರೂ ನೀರಿನ ಬಕೆಟ್ ಜೊತೆ ಅಲ್ಲೇ ಕೂರಬೇಕು.

ದೆಹಲಿಗೇ ವಿಶೇಷವಾದದ್ದು ಸಿಎನ್‌ಜಿ. ಈ ಊರಿನ ಹಳೆಯ ಪೆಟ್ರೋಲ್ ಕಾರುಗಳಲ್ಲಿ ಎಷ್ಟೋ ಡಿಕ್ಕಿಗಳೊಳಗೆ 200 ಬಾರ್ ಒತ್ತಡದ ಸಿಲಿಂಡರ್ ಮಲಗಿರುತ್ತದೆ, ಮತ್ತು ಡಿಕ್ಕಿಯ ನೆಲ ತುಕ್ಕು ಹಿಡಿಯುವುದು ಅದರ ಬ್ರಾಕೆಟ್ಟಿನ ಬೋಲ್ಟುಗಳ ಸುತ್ತಲೇ. ಪೈಪಿನ ವಾಲ್ವು ತಿರುಗಿಸಿ ಮುಚ್ಚಿ, ಒದ್ದೆ ಗೋಣಿ ಹೊದಿಸಿ ಪಕ್ಕದಲ್ಲೇ ಬೆಸೆಯುವವರಿದ್ದಾರೆ. ಸಿಲಿಂಡರನ್ನು ಪರವಾನಗಿ ಇರುವವರ ಕೈಯಲ್ಲಿ ಇಳಿಸದೆ ಆ ಡಿಕ್ಕಿಗೆ ಗ್ರೈಂಡರನ್ನೂ ತರಬಾರದು. ಮೂರು ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆಗೆ ಅದು ಹೇಗೂ ಇಳಿಯಲೇಬೇಕು. ತೇಪೆಯ ಕೆಲಸವನ್ನು ಆ ವಾರಕ್ಕೆ ಇಟ್ಟುಕೊಂಡರೆ ಇಳಿಸುವ ಕೂಲಿಯೂ ಒಂದೇ ಸಲ.